ವಿಹಾರ ದೋಣಿಯಾನ: ಸುರಕ್ಷಿತ ಹಾಗೂ ಸೌಜನ್ಯಪೂರ್ಣ ಅಭ್ಯಾಸಗಳು – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕರ್ನಾಟಕವು ಮುನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಕಡಲತೀರವನ್ನೂ, ಕಾಳಿ, ಶರಾವತಿ, ನೇತ್ರಾವತಿ ಮುಂತಾದ ಪಶ್ಚಿಮಾಭಿಮುಖ ನದಿಗಳ ಅಳಿವೆಗಳನ್ನೂ, ಲಿಂಗನಮಕ್ಕಿ, ಕಬಿನಿ, ತುಂಗಭದ್ರಾ ಮೊದಲಾದ ಜಲಾಶಯಗಳ ವಿಶಾಲ ಹಿನ್ನೀರನ್ನೂ ಹೊಂದಿದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿ, ಹೊನ್ನಾವರದ ಕಾಂಡ್ಲಾವನದ ನಡುವಿನ ವಿಹಾರ, ಹಂಪಿಯ ಹರಿಗೋಲು, ರಂಗನತಿಟ್ಟಿನ ಹುಟ್ಟುದೋಣಿ, ಗಣೇಶಗುಡಿಯ ರ‍್ಯಾಫ್ಟಿಂಗ್ ಇವೆಲ್ಲವೂ ಇಂದು ಕುಟುಂಬ ಪ್ರವಾಸದ ಭಾಗಗಳಾಗಿವೆ.

ದೋಣಿಯಾನವು ಸ್ವತಃ ಅಪಾಯಕಾರಿಯಾದ ವಿಹಾರವಲ್ಲ. ಆದರೆ ನೀರಿನ ಮೇಲೆ ತಪ್ಪನ್ನು ತಿದ್ದಿಕೊಳ್ಳಲು ದೊರೆಯುವ ಸಮಯ ಅತ್ಯಲ್ಪ. ಆದುದರಿಂದ ಜೀವ ಉಳಿಸುವ ನಿರ್ಧಾರಗಳಲ್ಲಿ ಹೆಚ್ಚಿನವುಗಳನ್ನು ದಡದಲ್ಲಿಯೇ, ದೋಣಿ ಹತ್ತುವ ಮುನ್ನವೇ ಕೈಗೊಳ್ಳಬೇಕಾಗುತ್ತದೆ. ಪ್ರವಾಸಿಗರು, ಶಾಲಾ ಪ್ರವಾಸದ ಮೇಲ್ವಿಚಾರಕರು ಹಾಗೂ ಸ್ವಂತ ದೋಣಿ ಹೊಂದಬಯಸುವ ನಾಗರಿಕರು ರೂಢಿಸಿಕೊಳ್ಳಬೇಕಾದ ಅಭ್ಯಾಸಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಹಿಂದಿನ ಅವಘಡಗಳಿಂದ ತಿಳಿಯಬೇಕಾದುದು

ಕೆಳಕಂಡ ಘಟನೆಗಳನ್ನು ಭಯ ಹುಟ್ಟಿಸುವ ಉದ್ದೇಶದಿಂದಲ್ಲ, ಕಾರಣಗಳನ್ನು ಅರಿಯುವ ಉದ್ದೇಶದಿಂದ ನಮೂದಿಸಲಾಗಿದೆ.

(ಅ) 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಪೆರಿಯಾರ್ ಸರೋವರದಲ್ಲಿ ‘ಜಲಕನ್ಯಕ’ ಎಂಬ ಎರಡು ಅಂತಸ್ತಿನ ದೋಣಿ ಮಗುಚಿ 45 ಮಂದಿ ಮೃತಪಟ್ಟರು. ದಡದಲ್ಲಿ ಕಂಡ ವನ್ಯಪ್ರಾಣಿಗಳನ್ನು ನೋಡಲು ಪ್ರಯಾಣಿಕರು ಒಂದೇ ಬದಿಗೆ ಸರಿದುದು ವರದಿಯಾಗಿತ್ತು.

(ಆ) 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಹಿಂದಿರುಗುತ್ತಿದ್ದವರ ದೋಣಿ ಮಗುಚಿ 16 ಮಂದಿ ಮೃತಪಟ್ಟರು. ಮಿತಿಮೀರಿ ಜನರನ್ನು ಹತ್ತಿಸಿಕೊಂಡಿದ್ದುದು ಅಂದು ವರದಿಯಾಗಿತ್ತು.

(ಇ) 2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಕತ್ತಲಾದ ಬಳಿಕ ಸಂಚರಿಸುತ್ತಿದ್ದ, ಮಿತಿಮೀರಿ ಜನರನ್ನು ತುಂಬಿಕೊಂಡಿದ್ದ ವಿಹಾರ ದೋಣಿ ಮಗುಚಿ 22 ಮಂದಿ ಮೃತಪಟ್ಟರು. ಅವರಲ್ಲಿ ಬಹಳ ಮಂದಿ ಮಕ್ಕಳು.

(ಈ) 2024ರ ಜನವರಿ 18ರಂದು ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ವಿದ್ಯಾರ್ಥಿಗಳು ಹಾಗೂ ಇಬ್ಬರು ಶಿಕ್ಷಕಿಯರು ಮೃತಪಟ್ಟರು. ದೋಣಿಯಲ್ಲಿದ್ದ ಹೆಚ್ಚಿನ ಮಕ್ಕಳು ಲೈಫ್ ಜಾಕೆಟ್ ಧರಿಸಿರಲಿಲ್ಲ.

(ಉ) 2024ರ ಡಿಸೆಂಬರ್ 18ರಂದು ಮುಂಬಯಿಯಲ್ಲಿ ಎಲಿಫೆಂಟಾ ದ್ವೀಪಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿಗೆ, ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದೋಣಿಯೊಂದು ನಿಯಂತ್ರಣ ತಪ್ಪಿ ಬಡಿದು, ಒಟ್ಟು 15 ಮಂದಿ ಮೃತಪಟ್ಟರು.

ಮೊದಲ ನಾಲ್ಕು ಘಟನೆಗಳು ಸರೋವರ, ಸಮುದ್ರ, ಅಳಿವೆ ಹಾಗೂ ಊರ ನಡುವಿನ ಕೆರೆಗಳಲ್ಲಿ ನಡೆದವು. ಹೆಚ್ಚು ಜನ, ಅಸಮ ಭಾರ, ಜಾಕೆಟ್ ಇಲ್ಲದಿರುವುದು, ಹೊತ್ತಲ್ಲದ ಹೊತ್ತು ಎಂಬ ಕಾರಣಗಳು ಮಾತ್ರ ಅವುಗಳಲ್ಲಿ ಮರುಕಳಿಸುತ್ತವೆ. ಐದನೆಯ ಘಟನೆಯು ಬೇರೊಂದು ಪಾಠವನ್ನು ಹೇಳುತ್ತದೆ. ನಮ್ಮ ದೋಣಿಯ ಕಡೆಯಿಂದ ಯಾವ ತಪ್ಪೂ ಇಲ್ಲದಿದ್ದಾಗಲೂ ಅವಘಡ ಸಂಭವಿಸಬಹುದು. ಆದುದರಿಂದ ಅಪಾಯ ಕಂಡಾಗ ಜಾಕೆಟ್ ತೊಟ್ಟರಾಯಿತು ಎಂಬ ಎಣಿಕೆ ಸರಿಯಲ್ಲ.

3. ದೋಣಿ ಹತ್ತುವ ಮುನ್ನ

3.1 ಜನರ ಲೆಕ್ಕ: ಎಷ್ಟು ಮಂದಿಯನ್ನು ಕರೆದೊಯ್ಯಬಹುದು ಎಂಬುದನ್ನು ದೋಣಿಯ ಸಮೀಕ್ಷಾ ಪ್ರಮಾಣಪತ್ರದಲ್ಲಿ ನಮೂದಿಸಲಾಗಿರುತ್ತದೆ. ಆ ಸಂಖ್ಯೆಯನ್ನು ಕೇಳಿ ತಿಳಿದುಕೊಂಡು ತಲೆಗಳನ್ನು ಎಣಿಸತಕ್ಕದ್ದು. ತೊಡೆಯ ಮೇಲಿನ ಕೂಸನ್ನೂ ಎಣಿಕೆಯಲ್ಲಿ ಸೇರಿಸತಕ್ಕದ್ದು. ಹತ್ತಿದವರ ಲೆಕ್ಕವೂ ಇಳಿದವರ ಲೆಕ್ಕವೂ ತಾಳೆಯಾಗುವುದು ಯಾವುದೇ ಜಲಪ್ರಯಾಣದ ಮೊದಲ ಹಾಗೂ ಕೊನೆಯ ಕರ್ತವ್ಯ.

ಮಿತಿಮೀರಿದ ಭಾರಕ್ಕೆ ದೋಣಿಯವರ ಆಸೆಯೊಂದೇ ಕಾರಣವೆಂದು ಹೇಳಲಾಗದು. ‘ನಾವೆಲ್ಲ ಒಂದೇ ಮನೆಯವರು, ಒಟ್ಟಿಗೇ ಹೋಗುತ್ತೇವೆ, ಇನ್ನಿಬ್ಬರನ್ನು ಹತ್ತಿಸಿಕೊಳ್ಳಿ’ ಎಂದು ಪ್ರವಾಸಿಗರೇ ಒತ್ತಾಯಿಸುವುದು ಸಾಮಾನ್ಯ. ಕುಟುಂಬವು ಎರಡು ದೋಣಿಗಳಲ್ಲಿ ಹಂಚಿಹೋಗುವುದರಿಂದ ಅರ್ಧ ಗಂಟೆಯ ಜೊತೆ ತಪ್ಪಬಹುದು, ಅಷ್ಟೆ. ಒಂದೇ ದೋಣಿಯಲ್ಲಿ ತುಂಬಿಹೋದರೆ ಇಡೀ ಕುಟುಂಬವೇ ಅಪಾಯಕ್ಕೆ ಈಡಾಗುತ್ತದೆ.

3.2 ಲೈಫ್ ಜಾಕೆಟ್: ಜಾಕೆಟ್ಟನ್ನು ದಡದಲ್ಲಿಯೇ ಧರಿಸಿ, ಎಲ್ಲ ಪಟ್ಟಿಗಳನ್ನೂ ಬಿಗಿದುಕೊಂಡು ಹತ್ತತಕ್ಕದ್ದು. ಆಸನದ ಕೆಳಗೆ ಇಟ್ಟ ಅಥವಾ ಚಾವಣಿಗೆ ಕಟ್ಟಿದ ಜಾಕೆಟ್ಟು ದೋಣಿ ಮಗುಚುವಾಗ ಕೈಗೆ ಸಿಗುವುದಿಲ್ಲ. ಸಿಕ್ಕರೂ ನೀರಿನಲ್ಲಿ ಅದನ್ನು ತೊಡುವುದು ಬಹು ಕಷ್ಟ. ಧರಿಸಿದವರ ಜಾಕೆಟ್ಟಿನ ಭುಜಭಾಗವನ್ನು ಹಿಡಿದು ಮೇಲಕ್ಕೆ ಎಳೆದಾಗ ಅದು ಗಲ್ಲ, ಕಿವಿಗಳವರೆಗೆ ಸರಿದುಬಂದರೆ ಅಳತೆ ದೊಡ್ಡದಾಗಿದೆ ಎಂದು ತಿಳಿಯತಕ್ಕದ್ದು. ಮಕ್ಕಳಿಗೆ ಅವರ ತೂಕಕ್ಕೆ ತಕ್ಕ ಜಾಕೆಟ್ ಬೇಕು. ದೊಡ್ಡವರ ಜಾಕೆಟ್ಟಿನಿಂದ ಮಗು ಕೆಳಕ್ಕೆ ಜಾರಿಹೋಗುತ್ತದೆ. ಹರಿದ, ಪಟ್ಟಿ ತುಂಡಾದ, ಒಳಗಿನ ಫೋಮ್ ಕುಗ್ಗಿದ ಜಾಕೆಟ್ಟನ್ನು ಬದಲಿಸಿ ಕೊಡುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ.

3.3 ಹವೆ ಹಾಗೂ ಹೊತ್ತು: ಜೂನ್‌ನಿಂದ ಮುಂಗಾರಿನ ಅವಧಿಯಲ್ಲಿ ಕಡಲು ಪ್ರಕ್ಷುಬ್ಧವಾಗಿರುವುದರಿಂದ ಮಲ್ಪೆ–ಸೇಂಟ್ ಮೇರೀಸ್ ಮುಂತಾದ ದ್ವೀಪಯಾನಗಳನ್ನು ನಿಲ್ಲಿಸಲಾಗುತ್ತದೆ. ಅಂಥ ದಿನಗಳಲ್ಲಿ ಖಾಸಗಿಯಾಗಿ ಒಪ್ಪಿಸಿಕೊಂಡು ಹೋಗುವ ಪ್ರಯತ್ನ ಮಾಡಬಾರದು. ಏಪ್ರಿಲ್–ಮೇ ತಿಂಗಳುಗಳಲ್ಲಿ ಬೆಳಿಗ್ಗೆ ಶಾಂತವಾಗಿದ್ದ ಹಿನ್ನೀರಿನಲ್ಲಿ ಮಧ್ಯಾಹ್ನದ ಬಳಿಕ ಗುಡುಗು ಸಹಿತ ಬಿರುಗಾಳಿ ಏಳುವುದುಂಟು. ಸೂರ್ಯಾಸ್ತಕ್ಕೆ ಮೊದಲೇ ದಡ ಸೇರುವಂತೆ ಪ್ರಯಾಣವನ್ನು ಯೋಜಿಸತಕ್ಕದ್ದು.

3.4 ತಿಳಿಸಿ ಹೊರಡುವುದು: ಎಲ್ಲಿಗೆ, ಎಷ್ಟು ಮಂದಿ, ಯಾವ ದೋಣಿಯಲ್ಲಿ, ಯಾವ ಹೊತ್ತಿಗೆ ಹಿಂದಿರುಗುವುದು ಎಂಬ ನಾಲ್ಕು ವಿಷಯಗಳನ್ನು ದಡದಲ್ಲಿರುವ ಒಬ್ಬರಿಗೆ ತಿಳಿಸಿ ಹೊರಡತಕ್ಕದ್ದು.

4. ದೋಣಿಯಲ್ಲಿದ್ದಾಗ

4.1 ದೋಣಿಯ ನಡುಭಾಗಕ್ಕೆ ಕಾಲಿಟ್ಟು ಹತ್ತಿ, ಅಂಬಿಗರು ಅಥವಾ ಚಾಲಕರು ಸೂಚಿಸಿದ ಸ್ಥಳದಲ್ಲಿ ಕುಳಿತುಕೊಳ್ಳತಕ್ಕದ್ದು. ಜನರು ಎದ್ದು ನಿಂತಾಗ ಭಾರದ ಕೇಂದ್ರವು ಮೇಲಕ್ಕೇರುತ್ತದೆ. ಒಂದು ಬದಿಗೆ ಸರಿದಾಗ ಆ ಬದಿಯ ಅಂಚು ನೀರಿಗೆ ಹತ್ತಿರವಾಗುತ್ತದೆ. ಇವೆರಡೂ ಒಟ್ಟಿಗೆ ಆದಾಗ ಸಣ್ಣ ಅಲೆಯೂ ದೋಣಿಯನ್ನು ಮಗುಚಬಲ್ಲದು. ಆನೆ, ಮೊಸಳೆ, ಡಾಲ್ಫಿನ್ ಏನೇ ಕಂಡರೂ ಕುಳಿತಲ್ಲಿಂದಲೇ ನೋಡತಕ್ಕದ್ದು.

4.2 ಹರಿಗೋಲು ದುಂಡಗಿರುವುದರಿಂದ ಅದರಲ್ಲಿ ಸುತ್ತಲೂ ಸಮನಾಗಿ ಕುಳಿತುಕೊಳ್ಳಬೇಕು. ಮೋಜಿಗಾಗಿ ಅದನ್ನು ಗಿರಗಿರನೆ ತಿರುಗಿಸುವಂತೆ ಅಂಬಿಗರನ್ನು ಒತ್ತಾಯಿಸಬಾರದು.

4.3 ಕೋಣೆಯುಳ್ಳ ಅಥವಾ ಎರಡು ಅಂತಸ್ತಿನ ದೋಣಿಗಳಲ್ಲಿ ಹೊರಹೋಗುವ ದಾರಿಗಳನ್ನು ಮೊದಲೇ ನೋಡಿಟ್ಟುಕೊಳ್ಳತಕ್ಕದ್ದು. ದೋಣಿ ಮಗುಚಿದರೆ ಮುಚ್ಚಿದ ಕೋಣೆಯಲ್ಲಿರುವವರನ್ನು ಅವರ ಜಾಕೆಟ್ಟೇ ಚಾವಣಿಯತ್ತ ಒತ್ತಿಹಿಡಿಯುವ ಅಪಾಯವುಂಟು. ಆದ್ದರಿಂದ ಕಿಟಕಿ, ಬಾಗಿಲುಗಳನ್ನು ಭದ್ರಪಡಿಸಿ ಕೂರದೆ, ಸಾಧ್ಯವಾದಷ್ಟು ತೆರೆದ ಭಾಗದಲ್ಲಿ ಕುಳಿತುಕೊಳ್ಳುವುದು ಒಳಿತು.

4.4 ಮದ್ಯಪಾನ ಮಾಡಿದವರು ದೋಣಿ ನಡೆಸಬಾರದು, ಪ್ರಯಾಣಿಕರಾಗಿಯೂ ಹತ್ತಬಾರದು. ಚಾಲಕರು ಪಾನಮತ್ತರಾಗಿರುವುದು ಕಂಡುಬಂದರೆ ಪ್ರಯಾಣವನ್ನು ಕೈಬಿಡತಕ್ಕದ್ದು.

4.5 ಫೋಟೋ ತೆಗೆಯಲು ದೋಣಿಯ ತುದಿಯಲ್ಲಿ ನಿಲ್ಲುವುದು, ಕೈಕಾಲುಗಳನ್ನು ನೀರಿಗೆ ಇಳಿಬಿಡುವುದು, ಓಡುತ್ತಿರುವ ದೋಣಿಯಿಂದ ಜಿಗಿಯುವುದು ನಿಷಿದ್ಧ. ದೋಣಿಯ ಹಿಂಭಾಗದಲ್ಲಿ ಎಂಜಿನ್ನಿನ ಪಂಖ ತಿರುಗುತ್ತಿರುತ್ತದೆ ಎಂಬುದನ್ನು ಮರೆಯಬಾರದು.

5. ಸ್ವತಃ ದೋಣಿ ನಡೆಸುವವರಿಗೆ

5.1 ದಾರಿಯ ನಿಯಮಗಳು: ನಮ್ಮ ರಸ್ತೆಗಳಲ್ಲಿ ಎಡಬದಿಯ ಸಂಚಾರ ರೂಢಿಯಲ್ಲಿದೆ. ಜಲಮಾರ್ಗದ ನಿಯಮ ಇದಕ್ಕೆ ವ್ಯತಿರಿಕ್ತವಾಗಿದ್ದು, ರಸ್ತೆಯ ಅಭ್ಯಾಸದಂತೆ ಎಡಕ್ಕೆ ತಿರುಗಿಸುವುದೇ ಡಿಕ್ಕಿಗೆ ಕಾರಣವಾಗಬಹುದು. ಸಮುದ್ರದಲ್ಲಿ ಡಿಕ್ಕಿಗಳನ್ನು ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳ ಮುಖ್ಯಾಂಶಗಳು ಇಂತಿವೆ:

– ಎರಡು ಯಂತ್ರಚಾಲಿತ ದೋಣಿಗಳು ಎದುರುಬದುರಾದಾಗ ಎರಡೂ ತಮ್ಮ ತಮ್ಮ ಬಲಕ್ಕೆ ತಿರುಗತಕ್ಕದ್ದು.
– ದಾರಿಗಳು ಅಡ್ಡಹಾಯುವಾಗ, ಯಾರ ಬಲಬದಿಯಲ್ಲಿ ಇನ್ನೊಂದು ದೋಣಿ ಇದೆಯೋ ಅವರು ದಾರಿ ಬಿಡತಕ್ಕದ್ದು.
– ಹಿಂದಿನಿಂದ ಬಂದು ದಾಟುವವರು ಮುಂದಿನ ದೋಣಿಯಿಂದ ದೂರವಿರತಕ್ಕದ್ದು.
– ಯಂತ್ರದೋಣಿಯು ಹಾಯಿದೋಣಿಗೂ, ಬಲೆ ಬಿಟ್ಟು ಮೀನುಗಾರಿಕೆಯಲ್ಲಿ ತೊಡಗಿರುವ ದೋಣಿಗೂ ದಾರಿ ಬಿಡತಕ್ಕದ್ದು.
– ಒಂದು ಗಿಡ್ಡ ಸೀಟಿ ಎಂದರೆ ಬಲಕ್ಕೆ ತಿರುಗುತ್ತಿದ್ದೇನೆ. ಎರಡು ಎಂದರೆ ಎಡಕ್ಕೆ. ಮೂರು ಎಂದರೆ ಎಂಜಿನ್ನನ್ನು ಹಿಮ್ಮುಖವಾಗಿ ನಡೆಸುತ್ತಿದ್ದೇನೆ. ಬೇಗಬೇಗನೆ ಐದು ಎಂದರೆ ನಿಮ್ಮ ಉದ್ದೇಶ ತಿಳಿಯುತ್ತಿಲ್ಲ, ಎಚ್ಚರ.
– ರಾತ್ರಿ ವೇಳೆ ದೋಣಿಯ ಎಡಬದಿಯಲ್ಲಿ ಕೆಂಪು, ಬಲಬದಿಯಲ್ಲಿ ಹಸಿರು, ಹಿಂಬದಿಯಲ್ಲಿ ಬಿಳಿ ದೀಪವಿರುತ್ತದೆ. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ಆ ದೋಣಿ ನೇರವಾಗಿ ನಿಮ್ಮತ್ತ ಬರುತ್ತಿದೆ ಎಂದರ್ಥ.

5.2 ಇಂಧನ: ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ಶೇಖರವಾಗುತ್ತದೆ. ಪ್ರಯಾಣಿಕರನ್ನು ಇಳಿಸಿ, ಎಂಜಿನ್ ನಿಲ್ಲಿಸಿ ಇಂಧನ ತುಂಬಿಸತಕ್ಕದ್ದು. ಆವಿ ಹೋಗುವಂತೆ ಗಾಳಿಯಾಡಿಸಿದ ಬಳಿಕವೇ ಎಂಜಿನ್ ಚಾಲೂ ಮಾಡತಕ್ಕದ್ದು. ಸಮೀಪದಲ್ಲಿ ಬೀಡಿ, ಸಿಗರೇಟು ಸೇದಬಾರದು.

5.3 ಸುರಕ್ಷಾ ಹಗ್ಗ: ವೇಗದ ದೋಣಿ ಹಾಗೂ ಜೆಟ್ ಸ್ಕೀಗಳಲ್ಲಿ ಚಾಲಕರು ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂತೆ ಮಾಡುವ ಹಗ್ಗವಿದ್ದಲ್ಲಿ ಅದನ್ನು ಕೈಗೆ ಅಥವಾ ಜಾಕೆಟ್ಟಿಗೆ ಸಿಕ್ಕಿಸಿಕೊಂಡೇ ಹೊರಡತಕ್ಕದ್ದು. ಜೆಟ್ ಸ್ಕೀಯು ಹಿಂದಕ್ಕೆ ಚಿಮ್ಮುವ ನೀರಿನ ಬಲದಿಂದಲೇ ತಿರುಗುತ್ತದೆ. ಎದುರಿಗೆ ಅಡ್ಡಿ ಕಂಡು ಗಾಬರಿಯಿಂದ ವೇಗವನ್ನು ಪೂರ್ತಿ ಇಳಿಸಿದರೆ ತಿರುಗುವ ಶಕ್ತಿಯೂ ಕುಂದುತ್ತದೆ. ಆದ್ದರಿಂದ ಮೊದಲಿನಿಂದಲೂ ದೂರ ಕಾಯ್ದುಕೊಳ್ಳುವುದೇ ಉಪಾಯ.

5.4 ಸ್ಥಳದ ಅರಿವು: ಅಳಿವೆಯ ಬಾಗಿಲಿನಲ್ಲಿ ಇಳಿತದ ನೀರು ಹೊರಕ್ಕೆ ಹರಿಯುವಾಗ ಕಡಲಿನ ಅಲೆಗಳು ಅದಕ್ಕೆದುರಾಗಿ ಕಡಿದಾಗಿ ಏಳುತ್ತವೆ. ಉಬ್ಬರ–ಇಳಿತದ ವೇಳೆಯನ್ನು ತಿಳಿಯದೆ ಅಳಿವೆ ದಾಟಬಾರದು. ಕಬಿನಿ ಮುಂತಾದ ಹಿನ್ನೀರಿನಲ್ಲಿ ಮುಳುಗಿದ ಒಣಮರಗಳ ಬೊಡ್ಡೆಗಳಿರುತ್ತವೆ. ನೀರಿನ ಮಟ್ಟ ಇಳಿದಂತೆ ಅವು ದೋಣಿಯ ತಳಕ್ಕೆ ತಾಗುವ ಮಟ್ಟಕ್ಕೆ ಬರುತ್ತವೆ. ಗಣೇಶಗುಡಿಯಂತಹ ಸ್ಥಳಗಳಲ್ಲಿ ನದಿಯ ಹರಿವು ಮೇಲಿನ ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿರುತ್ತದೆ. ಹರಿವು ಏಕಾಏಕಿ ಏರಬಹುದು. ಸ್ಥಳೀಯ ಅಂಬಿಗರು ಹಾಗೂ ಮೀನುಗಾರರ ಮಾತೇ ಇಲ್ಲಿ ಉತ್ತಮ ಮಾರ್ಗದರ್ಶಿ.

6. ಇತರರ ಬಗ್ಗೆ ಸೌಜನ್ಯ

ಪ್ರವಾಸಿಗರಿಗೆ ವಿಹಾರದ ತಾಣವಾಗಿರುವ ನೀರು ಅನೇಕರಿಗೆ ದುಡಿಮೆಯ ಸ್ಥಳವಾಗಿದೆ. ದಡದಲ್ಲಿ ಬಟ್ಟೆ ಒಗೆಯುವವರು, ಅಳಿವೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುವವರು, ಸಣ್ಣ ದೋಣಿಯಲ್ಲಿ ಒಬ್ಬರೇ ಬಲೆ ಬಿಡುವವರು ಇವರೆಲ್ಲರ ನಡುವೆ ನಾವು ಅತಿಥಿಗಳು.

(1) ವೇಗವಾಗಿ ಸಾಗುವ ದೋಣಿಯ ಹಿಂದೆ ಏಳುವ ಅಲೆಯು ದೂರದವರೆಗೆ ಹರಡಿ ಸಣ್ಣ ದೋಣಿಗಳನ್ನು ಅಲುಗಾಡಿಸುತ್ತದೆ. ದಡದ ಮಣ್ಣನ್ನೂ ಕಾಂಡ್ಲಾ ಸಸಿಗಳ ಬುಡವನ್ನೂ ಸವೆಸುತ್ತದೆ. ಜೆಟ್ಟಿ, ಸ್ನಾನಘಟ್ಟ, ಕಿರಿದಾದ ಕಾಲುವೆ ಹಾಗೂ ಹುಟ್ಟುದೋಣಿಗಳ ಸಮೀಪ ಅಲೆ ಏಳದಷ್ಟು ನಿಧಾನವಾಗಿ ಸಾಗತಕ್ಕದ್ದು. ನಿಮ್ಮ ದೋಣಿಯ ಅಲೆಯಿಂದಾದ ಹಾನಿಗೆ ನೀವೇ ಹೊಣೆ ಎಂದು ಭಾವಿಸತಕ್ಕದ್ದು.

(2) ಸಾಲಾಗಿ ತೇಲುವ ಥರ್ಮೋಕೋಲ್ ತುಂಡುಗಳು, ಪ್ಲಾಸ್ಟಿಕ್ ಬಾಟಲಿಗಳು ಬಲೆಯ ಗುರುತುಗಳಾಗಿರಬಹುದು. ಅವುಗಳ ಮೇಲೆ ಹಾಯದೆ ಸುತ್ತಿಹೋಗತಕ್ಕದ್ದು. ಬಲೆ ಹರಿದರೆ ಮೀನುಗಾರರ ಅಂದಿನ ಗಳಿಕೆಯೂ ಹೋಗುತ್ತದೆ. ಬಲೆಯ ಹಗ್ಗ ಪಂಖಕ್ಕೆ ಸುತ್ತಿಕೊಂಡರೆ ನಿಮ್ಮ ದೋಣಿಯೂ ನಿಲ್ಲುತ್ತದೆ.

(3) ಸ್ನಾನ ಮಾಡುತ್ತಿರುವವರ, ಕೆಲಸದಲ್ಲಿರುವವರ ಫೋಟೋಗಳನ್ನು ಅವರ ಅನುಮತಿಯಿಲ್ಲದೆ ತೆಗೆಯಬಾರದು.

(4) ರಂಗನತಿಟ್ಟಿನಂತಹ ಪಕ್ಷಿಧಾಮಗಳಲ್ಲಿ ಗೂಡುಗಳ ಹತ್ತಿರಕ್ಕೆ ದೋಣಿ ಒಯ್ಯುವಂತೆ ಕೇಳುವುದು, ಕೂಗುವುದು, ಧ್ವನಿವರ್ಧಕ ಹಾಕುವುದು ಸಲ್ಲದು. ಗಾಬರಿಯಿಂದ ತಾಯಿಹಕ್ಕಿ ಎದ್ದರೆ ಮೊಟ್ಟೆ, ಮರಿಗಳು ಬಿಸಿಲಿಗೂ ಕಾಗೆ, ಹದ್ದುಗಳಿಗೂ ತೆರೆದುಕೊಳ್ಳುತ್ತವೆ. ಕಾರವಾರ ತೀರದ ಡಾಲ್ಫಿನ್‌ಗಳು ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರಡಿ ರಕ್ಷಿತವಾಗಿವೆ. ಅವುಗಳನ್ನು ಬೆನ್ನಟ್ಟದೆ, ಎಂಜಿನ್ ನಿಧಾನಗೊಳಿಸಿ ದೂರದಿಂದ ನೋಡತಕ್ಕದ್ದು.

(5) ತಿಂಡಿ ಪೊಟ್ಟಣ, ಬಾಟಲಿ, ಬಳಸಿದ ಎಣ್ಣೆ ಇತ್ಯಾದಿಗಳನ್ನು ನೀರಿಗೆ ಎಸೆಯದೆ ದಡಕ್ಕೆ ಹಿಂದಕ್ಕೆ ತರತಕ್ಕದ್ದು.

(6) ಆಪತ್ತಿನಲ್ಲಿರುವವರನ್ನು ಕಂಡೂ ಮುಂದೆ ಸಾಗಬಾರದು. ತನ್ನ ದೋಣಿಗೆ ಅಪಾಯವಾಗದಂತೆ ನೆರವಾಗುವುದು ಜಲಯಾನದ ಹಳೆಯ ಧರ್ಮ.

7. ಅವಘಡ ಸಂಭವಿಸಿದಾಗ

7.1 ಮಗುಚಿದ ದೋಣಿ ಸಾಮಾನ್ಯವಾಗಿ ತೇಲುತ್ತಿರುತ್ತದೆ. ದಡ ಹತ್ತಿರವೆಂದು ತೋರಿದರೂ ಈಜಿ ಹೊರಡದೆ, ದೋಣಿಯನ್ನು ಹಿಡಿದು ಒಟ್ಟಾಗಿ ಉಳಿಯುವುದು ಉತ್ತಮ. ತೇಲುವ ದೋಣಿ ದೂರದಿಂದಲೇ ಕಾಣಿಸುತ್ತದೆ. ಒಂಟಿ ತಲೆ ಕಾಣಿಸದು.

7.2 ಯಾರಾದರೂ ನೀರಿಗೆ ಬಿದ್ದರೆ ಕೂಡಲೇ ಕೂಗಿ ಚಾಲಕರಿಗೆ ತಿಳಿಸತಕ್ಕದ್ದು. ಒಬ್ಬರು ಬೇರೇನೂ ಮಾಡದೆ, ಬಿದ್ದವರತ್ತ ಬೆರಳು ತೋರುತ್ತ ಕಣ್ಣು ಕೀಳದೆ ನೋಡುತ್ತಿರಬೇಕು. ಹಗ್ಗ, ಹುಟ್ಟು, ಲೈಫ್‌ಬಾಯ್, ಕೊನೆಗೆ ಮುಚ್ಚಳ ಬಿಗಿದ ಖಾಲಿ ಕ್ಯಾನಾದರೂ ಸರಿ, ಎಸೆಯತಕ್ಕದ್ದು. ತರಬೇತಿ ಇಲ್ಲದವರು ನೀರಿಗೆ ಧುಮುಕಿದರೆ ಮುಳುಗುವವರು ಇಬ್ಬರಾಗುತ್ತಾರೆ. ಹತ್ತಿರ ಬಂದ ಮೇಲೆ ಎಂಜಿನ್ ನಿಲ್ಲಿಸಿಯೇ ಮೇಲೆತ್ತತಕ್ಕದ್ದು.

7.3 ಮೇಲೆತ್ತಿದವರನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು. ಅದರಿಂದ ಅಮೂಲ್ಯ ನಿಮಿಷಗಳು ನಷ್ಟವಾಗುತ್ತವೆ. ಉಸಿರಾಟ ನಿಂತಿದ್ದರೆ, ತರಬೇತಿ ಪಡೆದವರು ಕೂಡಲೇ ಬಾಯಿಯಿಂದ ಉಸಿರು ನೀಡಿ, ಎದೆ ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸತಕ್ಕದ್ದು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಒಯ್ಯತಕ್ಕದ್ದು.

7.4 ತುರ್ತು ಕರೆ: ಸಾಮಾನ್ಯ ತುರ್ತು ಸೇವೆ 112, ಆಂಬ್ಯುಲೆನ್ಸ್ 108, ಸಮುದ್ರದಲ್ಲಿ ಶೋಧ ಮತ್ತು ರಕ್ಷಣೆಗೆ ಭಾರತೀಯ ಕರಾವಳಿ ರಕ್ಷಣಾ ಪಡೆ 1554. ವಿಎಚ್‌ಎಫ್ ರೇಡಿಯೋ ಇರುವ ದೋಣಿಗಳು 16ನೇ ಚಾನೆಲ್‌ನಲ್ಲಿ ಕರೆಯತಕ್ಕದ್ದು.

8. ದೋಣಿ ಹೊಂದಬಯಸುವವರಿಗೆ

ಒಳನಾಡು ಜಲಮಾರ್ಗಗಳಲ್ಲಿ ಸಂಚರಿಸುವ ನೌಕೆಗಳಿಗೆ, 1917ರ ಕಾಯ್ದೆಯ ಸ್ಥಾನದಲ್ಲಿ ಜಾರಿಗೆ ಬಂದ ಒಳನಾಡು ನೌಕೆಗಳ ಕಾಯ್ದೆ, 2021 ಅನ್ವಯಿಸುತ್ತದೆ. ಯಂತ್ರಚಾಲಿತ ನೌಕೆಯಲ್ಲಿ ಜನರನ್ನು ವಿಹಾರಕ್ಕೆ ಕರೆದೊಯ್ಯಬಯಸುವವರು ಸಮೀಕ್ಷಾ ಪ್ರಮಾಣಪತ್ರ, ನೋಂದಣಿ, ವಿಮೆ ಹಾಗೂ ಅರ್ಹತೆಯುಳ್ಳ ಸಿಬ್ಬಂದಿ ಇವು ನಾಲ್ಕನ್ನೂ ಹೊಂದಿರುವುದು ಅವಶ್ಯ. ಜಲಾಶಯಗಳಲ್ಲಿ ಜಲಾಶಯವನ್ನು ನಿರ್ವಹಿಸುವ ಪ್ರಾಧಿಕಾರದ, ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯನ್ನು ಪ್ರತ್ಯೇಕವಾಗಿ ಪಡೆಯಬೇಕಾಗುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2017ರಲ್ಲಿ ದೋಣಿ ಸುರಕ್ಷತೆ ಕುರಿತು ಹೊರಡಿಸಿದ ಮಾರ್ಗಸೂಚಿಯನ್ನು ಅರ್ಜಿದಾರರು ಓದಿಕೊಳ್ಳುವುದು ಉಪಯುಕ್ತ.

ನೋಂದಣಿಯನ್ನು ಕೇವಲ ಕಾಗದಪತ್ರದ ಕೆಲಸವೆಂದು ಭಾವಿಸಬಾರದು. ಸಮೀಕ್ಷೆಯಲ್ಲಿ ನಿಗದಿಯಾಗುವ ಪ್ರಯಾಣಿಕರ ಸಂಖ್ಯೆಯೇ ದಡದಲ್ಲಿ ನಿಂತ ಅಪರಿಚಿತ ಕುಟುಂಬಕ್ಕೆ ಸಿಗುವ ಭರವಸೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನಗೆ ಈಜು ಬರುತ್ತದೆ. ಆದರೂ ಜಾಕೆಟ್ ಬೇಕೇ?
ಉತ್ತರ: ಬೇಕು. ಬೀಳುವಾಗ ತಲೆಗೆ ಪೆಟ್ಟಾದರೆ, ಬಟ್ಟೆ ತೊಡರಿದರೆ, ಅಥವಾ ಗಾಬರಿಗೊಂಡ ಇನ್ನೊಬ್ಬರು ನಿಮ್ಮನ್ನು ಅಪ್ಪಿ ಹಿಡಿದರೆ ಈಜು ನೆರವಿಗೆ ಬಾರದು.

ಪ್ರಶ್ನೆ: ನೀರು ಆಳವಿಲ್ಲ ಎಂದು ದೋಣಿಯವರು ಹೇಳುತ್ತಾರೆ. ನಂಬಬಹುದೇ?
ಉತ್ತರ: ಆಳವು ದೋಣಿ ಸಾಗಿದಂತೆ ಬದಲಾಗುತ್ತದೆ, ಮಕ್ಕಳಿಗೆ ಸೊಂಟಮಟ್ಟದ ಕೆಸರು ನೀರೂ ಅಪಾಯಕಾರಿ. ಆಳ ಎಷ್ಟೇ ಇದ್ದರೂ ಜಾಕೆಟ್ ಧರಿಸತಕ್ಕದ್ದು.

ಪ್ರಶ್ನೆ: ಟಿಕೆಟ್ ಪಡೆದ ಮೇಲೆ ದೋಣಿ ತುಂಬಿಹೋಗಿರುವುದು ಕಂಡರೆ ಹತ್ತದೆ ಇರಬಹುದೇ?
ಉತ್ತರ: ಅಗತ್ಯವಾಗಿ. ಹಣ ಕೊಟ್ಟ ಮಾತ್ರಕ್ಕೆ ಹತ್ತಲೇಬೇಕೆಂಬ ನಿರ್ಬಂಧವಿಲ್ಲ. ಹಣ ಮರಳಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ಪ್ರಶ್ನೆ: ಶಾಲಾ ಪ್ರವಾಸದಲ್ಲಿ ಶಿಕ್ಷಕರು ಮುಖ್ಯವಾಗಿ ಏನನ್ನು ಗಮನಿಸಬೇಕು?
ಉತ್ತರ: ಪ್ರತಿ ದೋಣಿಗೂ ಹೆಸರಿನ ಪಟ್ಟಿ, ಪ್ರತಿ ಮಗುವಿಗೂ ಅಳತೆಗೆ ತಕ್ಕ ಜಾಕೆಟ್, ಪ್ರತಿ ದೋಣಿಯಲ್ಲೂ ಜವಾಬ್ದಾರಿಯುತ ಹಿರಿಯರು. ಇವುಗಳಲ್ಲಿ ಒಂದು ಇಲ್ಲವಾದರೂ ಆ ದಿನ ದೋಣಿಯಾನವನ್ನು ಕೈಬಿಡತಕ್ಕದ್ದು. ಮಕ್ಕಳಿಗೆ ಒಂದು ದಿನ ಬೇಸರವಾಗಬಹುದು. ಸಂಜೆ ಎಲ್ಲರೂ ಮನೆ ಸೇರುತ್ತಾರೆ.

10. ಕೊನೆಯ ಮಾತು

ದೋಣಿಗೆ ಸಮೀಕ್ಷೆ, ನೋಂದಣಿ, ತಪಾಸಣೆ ಎಲ್ಲವೂ ಇದ್ದರೂ, ಹೊರಡುವ ಆ ಕ್ಷಣದಲ್ಲಿ ದಡದಲ್ಲಿ ಇರುವವರು ಪ್ರಯಾಣಿಕರು ಹಾಗೂ ದೋಣಿಯವರು ಮಾತ್ರ. ‘ಇಷ್ಟೇ ಜನ ಸಾಕು’ ಎಂದು ಹೇಳುವ ಅಂಬಿಗರು ನಿಮ್ಮ ಸಂತೋಷಕ್ಕೆ ಅಡ್ಡಿಯಾಗುತ್ತಿಲ್ಲ, ನಿಮ್ಮನ್ನು ಕಾಯುತ್ತಿದ್ದಾರೆ. ಅವರು ಹೇಳದಿದ್ದಲ್ಲಿ ಆ ಮಾತನ್ನು ನೀವೇ ಹೇಳತಕ್ಕದ್ದು. ಮುಂದಿನ ದೋಣಿಗಾಗಿ ಕಾಯತಕ್ಕದ್ದು. ಸಾರ್ವಜನಿಕರು ಈ ಅಭ್ಯಾಸಗಳನ್ನು ರೂಢಿಸಿಕೊಂಡು ಸಹಕರಿಸಬೇಕೆಂದು ಕೋರಲಾಗಿದೆ.